ಅಳತಿ ವಹಿ

ಮಾಂಗೋರ್ ಹಿಲ್ಲಿನ ಇಳಿಜಾರಿನಾಗ ನನ್ನ ಅಂಗಡಿ,
ಮ್ಯಾಲೆ ಜಿಮ್ಮು. ಸಂಜಿ ಐದಾತಂದ್ರ
ತಲಿ ಮ್ಯಾಲಿನ ಸ್ಲ್ಯಾಬು ಗುಡುಗತೈತಿ,
ಸೂಜಿ ಡಬ್ಬಿ ತಾನ ಸರಕೋತ ಟೇಬಲ್ಲಿನ ಅಂಚಿಗೆ ಬರತೈತಿ.
ಗುಡುಗಿದ್ರ ಹೇಮ್ಲಿ.
ಸಪ್ಪಳಿಲ್ಲಂದ್ರ ಆಗ್ನೆಲೊ. ಅಂವ ಕಬ್ಬಿಣಾನೂ
ತೊಟ್ಟಲದಾಗ ಕೂಸು ಇಟ್ಟಂಗ ಇಡ್ತಾನ.

ಆಗ್ನೆಲೊ ದಾಬೋಳಿಯೊಳಗ ವಿಮಾನಕ್ಕ ಪೆಟ್ಟಿಗಿ ಏರಸಾಂವ.
ತಿಂಗಳ ಒಂದನೇ ತಾರೀಖಿಗೆ ಅಂಗಿ ಬಿಚ್ಚಿ ನಿಲ್ತಾನ:
"ಚಾಚಾ, ಬರಕೋ."
ತೋಳು ಹದಿನಾರೂವರಿ. ಎದಿ ನಲವತ್ತಾರು. ನಡ ಮೂವತ್ತು.
ಎಡಗೈ ಕಾಲಿಂಚು ಕಡಿಮಿ ಬಂದ್ರ
ಮನ್ಯಾಗ ಸಾವಾದವರಂಗ ಮಾರಿ ಮಾಡ್ತಾನ.
ಆ ಕಾಲಿಂಚಿಗೆ ಮತ್ತ ತಿಂಗಳಗಟ್ಟಲೆ
ಸಣ್ಣ ಡಂಬೆಲ್ಲು, ಹನ್ನೆರಡು ಸಲ, ಹದಿನೈದು ಸಲ,
ನಾ ಕಾಜ ಹೊಲದಂಗ, ಒಂದಕ್ಕೊಂದು ತಾಗಿಸಿ.

ಹೇಮ್ಲಿ ಅಳತಿ ಕೇಳಾಂಗಿಲ್ಲ.
ಖಾರೇವಾಡೆ ಜೆಟ್ಟಿಮ್ಯಾಲ ಬರ್ಫದ ಕ್ರೇಟು ಹೊರಾಕಿ,
ಮೀನದ ವಾಸನಿ ಜೋಡಿ ಒಳಗ ಬಂದು
ಪ್ಯಾಂಟು ಒಗೀತಾಳ: "ಮತ್ತ ಹರೀತು."
ತೊಡಿ ನಡಕಿನ ಹೊಲಿಗಿ, ಯಾವಾಗ್ಲೂ ಅಲ್ಲೇ.
ನಾ ಮಿಯಾನಿ ಹಚ್ತೀನಿ, ಎರಡು ಪದರು, ಬ್ಯಾರೆ ಬಣ್ಣದ್ದು.
"ಕಾಣಸಲಿ ಬಿಡು, ಕುಂತಾಗ ಹರೀಬಾರದು ಅಷ್ಟ."
ಹೆಗಲ ಮ್ಯಾಲೆ ಹೊತ್ತು ಕುಂತೇಳೂದು, ಮಕ್ಕೊಂಡು ನೂಕೂದು,
ಬಗ್ಗಿ ನೆಲದಿಂದ ಎತ್ತೂದು. ಒಮ್ಮೆ ಎದ್ರ ಸಾಕು.
ಮೂರು ಮಂದಿ ಪಂಚರು, ಮೂರು ಬಿಳಿ ದೀಪ,
ನಾ ಬೀಡಿ ಹಚ್ಚೂದ್ರಾಗ ಮುಗದಿರತೈತಿ.

ಹ್ವಾದ ವರ್ಷ ನೂರಾ ಹತ್ತು, ಈ ವರ್ಷ ನೂರಾ ನಲವತ್ತು.
ವಹಿ ತಗದು ನೋಡಿದೆ. ಬೆನ್ನು ಅಷ್ಟ, ತೋಳು ಅಷ್ಟ,
ದಾರದೆಳಿಯಷ್ಟೂ ಹೆಚ್ಚಿಲ್ಲ.
"ಆ ಮೂವತ್ತು ಕಿಲೋ ಎಲ್ಲಿಟ್ಟೀಯವ್ವಾ?"
ನಕ್ಲು. "ನಂಗೂ ಗೊತ್ತಿಲ್ಲ. ಬಾರು ಹಿಡದಾಗ ಅಲ್ಲೇ ಇರತೈತಿ."

ಪಣಜಿ ಸ್ಪರ್ಧಾಕ್ಕ ನಾಕ ದಿನ ಇರಾಗ
ಆಗ್ನೆಲೊ ಉಪ್ಪು ಬಿಟ್ಟ. ಒಂದು ದಿನ ಇರಾಗ ನೀರು ಬಿಟ್ಟ.
ಕರವಸ್ತ್ರಕ್ಕಿಂತ ಸಣ್ಣ ಚಡ್ಡಿ, ಮರೂನ್ ಸ್ಯಾಟಿನ್,
ನಾಕನೂರು ತಗೊಳ್ಳಾಕ ನಂಗ ನಾಚಿಕಿ ಬಂತು.
ಹಾಕ್ಕೊಂಡು ಕನ್ನಡಿ ಮುಂದ ನಿಂತ.
ಚರ್ಮದ ಕೆಳಗ ನರ, ನಕಾಶದಾಗ ಹೊಳಿ ಕವಲೊಡದಂಗ.
ಚಂದ ಇದ್ದ, ಸುಳ್ಳ ಯಾಕ ಹೇಳ್ಲಿ.

ಗ್ವಾಡಿಗೆ ಬಣ್ಣ ಹಚ್ಚಾಂವ ಬಂದಿದ್ದ, ಮಶೀನು ಸರಸಬೇಕಿತ್ತು,
ಕಬ್ಬಿಣದ ಕಾಲಿಂದು, ನಮ್ಮಪ್ಪಂದು.
ಆಗ್ನೆಲೊ ಒಂದು ತುದಿ ಹಿಡದ,
ಮೀನಖಂಡ ಒತ್ತಿಕೊಂಡು ನೆಲಕ್ಕ ಕುಂತ. ನೀರಿಲ್ಲದ ಕಾಲು.
ಹೇಮ್ಲಿ ಒಬ್ಬಾಕಿನ ಮಶೀನು ಎತ್ತಿ ಒಳಗಿಟ್ಟು ಬಂದು
ಅಂವನ ಕಾಲು ತಿಕ್ಕಿದ್ಲು.
"ನಾಳಿ ಏನ ಎತ್ತತಿ?"
"ಏನೂ ಎತ್ತೂದಿಲ್ಲ. ನಿಂತ್ಕೋತೀನಿ."
ಗಳಿಗಿ ಹೊತ್ತು ಸುಮ್ಮಿದ್ದು ಅಂದ್ಲು:
"ಅದು ತ್ರಾಸ ಐತಿ ನೋಡ."

ಐದನೇ ನಂಬರ ಬಂತಂತ.
ಒಂದನೇ ತಾರೀಖಿಗೆ ಅಂವ ಬರಲಿಲ್ಲ.
ಬಂದಾಕಿ ಹೇಮ್ಲಿ. ಅಂಗಡ್ಯಾಗ ಯಾರೂ ಇಲ್ಲಂತ ತಿಳದು,
ನಾ ಟೇಬಲ್ಲಿನ ಬುಡಕ ಗುಂಡಿ ಹುಡಕತಿದ್ದೆ,
ಕನ್ನಡಿ ಮುಂದ ತೋಳು ಮಡಚಿ,
ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿಕೊಂಡ್ಲು.
ಗುಂಡಿ ಸಿಕ್ಕಿತ್ತು. ನಾ ಏಳಲಿಲ್ಲ.

ರಾತ್ರಿ ಶಟರ್ ಎಳದು, ಟೇಪು ನನ್ನ ಕಾಲಿಗೆ ಸುತ್ತಿದೆ.
ಮೂವತ್ತೆಂಟು ವರ್ಷ ಪೆಡಲ್ ತುಳದ ಬಲಗಾಲು
ಎಡಗಾಲಿಗಿಂತ ಮುಕ್ಕಾಲಿಂಚು ದಪ್ಪ.
ಇದಕ್ಕ ಯಾರೂ ದೀಪ ಹಚ್ಚೂದಿಲ್ಲ, ಎಣ್ಣಿ ಸವರೂದಿಲ್ಲ.
ವಹಿದಾಗ ಬರದೆ.
ತಾರೀಖು ಹಾಕಿದೆ.